ಬ್ರೇಕ್ ಬ್ಲೀಡ್ ಮಾಡುವಾಗ ಗುಳ್ಳೆಗಳು ನಿಲ್ಲುತ್ತಲೇ ಇಲ್ಲ: ಗಾಳಿ ಎಲ್ಲಿಂದ ಬರುತ್ತಿದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2004ರ ಮಾರುತಿ 800 ಕಾರಿದೆ. ಮುಂದಿನ ಎರಡೂ ಚಕ್ರಗಳ ಕ್ಯಾಲಿಪರ್‌ಗಳನ್ನು (ಡಿಸ್ಕಿಗೆ ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಭಾಗ) ಇತ್ತೀಚೆಗೆ ಬಿಚ್ಚಿ, ಹೊಸ ಸೀಲ್ ಕಿಟ್ ಹಾಕಿ, ಮತ್ತೆ ಜೋಡಿಸಿದ್ದೇನೆ. ಹಿಂದಿನ ಡ್ರಮ್‌ಗಳನ್ನು ತೆಗೆದು ನೋಡಿದಾಗ ವೀಲ್ ಸಿಲಿಂಡರ್‌ಗಳು (ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ಭಾಗ) ಹೊರಗಿನಿಂದ ಒಣಗಿಯೇ ಕಂಡದ್ದರಿಂದ ಅವುಗಳನ್ನು ಬಿಚ್ಚಲಿಲ್ಲ. ಆ ಬಳಿಕ ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್ ಬಳಸಿ, ಹೊಸ ಡಾಟ್ 3 ಬ್ರೇಕ್ ಆಯಿಲ್ ತುಂಬುತ್ತಾ ನಾಲ್ಕೂ ಚಕ್ರಗಳನ್ನು ಬ್ಲೀಡ್ ಮಾಡಲು, ಅಂದರೆ ಬ್ರೇಕ್ ಲೈನಿನೊಳಗಿನ ಗಾಳಿಯನ್ನು ಹೊರತೆಗೆಯಲು, ತೊಡಗಿದೆ.

ಸಮಸ್ಯೆ ಏನೆಂದರೆ, ಬಲಗಡೆಯ ಮುಂದಿನ ಚಕ್ರದ ನಿಪ್ಪಲ್‌ಗೆ (ಗಾಳಿ ಹೊರಬಿಡಲು ಸಡಿಲಿಸುವ ಟೊಳ್ಳು ಸ್ಕ್ರೂ) ಸಿಕ್ಕಿಸಿದ ಪಾರದರ್ಶಕ ಟ್ಯೂಬ್‌ನಲ್ಲಿ ಸಣ್ಣ ಗುಳ್ಳೆಗಳು ಒಂದೇ ಸಮನೆ ಬರುತ್ತಲೇ ಇವೆ. ಎಷ್ಟು ಆಯಿಲ್ ಹರಿಸಿದರೂ ಅವು ಕಡಿಮೆಯಾಗುವ ಲಕ್ಷಣವಿಲ್ಲ. ಪೆಡಲ್ ಮೊದಲ ಒತ್ತಿಗೆ ಮೆತ್ತಗೆ ಬಹಳ ಕೆಳಗೆ ಹೋಗುತ್ತದೆ. ಬಿಟ್ಟು ಬಿಟ್ಟು ಒತ್ತಿದರೆ ಮೇಲೆ ಬಂದು ತಕ್ಕಮಟ್ಟಿಗೆ ಗಟ್ಟಿಯಾಗುತ್ತದೆ. ಪೈಪು, ಹೋಸ್, ಬ್ಯಾಂಜೋ ಬೋಲ್ಟ್ (ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ ಟೊಳ್ಳು ಬೋಲ್ಟ್) ಎಲ್ಲಿಯೂ ಆಯಿಲ್ ಸೋರಿದ ಗುರುತಿಲ್ಲ. ರಿಸರ್ವಾಯರ್‌ನಲ್ಲಿ (ಬ್ರೇಕ್ ಆಯಿಲ್ ತುಂಬುವ ಡಬ್ಬಿ) ಮಟ್ಟವೂ ಇಳಿದಿಲ್ಲ. ಆಯಿಲ್ ಹೊರಗೆ ಬರದ ಕಡೆಯಿಂದ ಗಾಳಿ ಮಾತ್ರ ಒಳಗೆ ಹೋಗಲು ಸಾಧ್ಯವೇ? ಕೆಲಸದ ನಿಮಿತ್ತ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವವನು ನಾನು. ಆ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕಿನ ಮೇಲೆ ಪೂರ್ಣ ಭರವಸೆ ಇಲ್ಲದೆ ಕಾರನ್ನು ಹೊರತೆಗೆಯುವ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಹಾಸನದ ಮೆಕ್ಯಾನಿಕ್

ನಮಸ್ಕಾರ ಸರ್. ಕಾರನ್ನು ಹೊರತೆಗೆಯದೆ ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಟ್ಯೂಬ್‌ನಲ್ಲಿ ಕಾಣುವ ಗುಳ್ಳೆ ಮತ್ತು ಬ್ರೇಕ್ ಲೈನಿನೊಳಗೆ ಇರುವ ಗಾಳಿ ಎರಡೂ ಒಂದೇ ಎಂದು ಭಾವಿಸಬೇಡಿ. ವ್ಯಾಕ್ಯೂಮ್ ಪಂಪ್ ಬಳಸುವವರಲ್ಲಿ ಬಹಳ ಮಂದಿ ಇದೇ ಜಾಗದಲ್ಲಿ ದಾರಿ ತಪ್ಪುತ್ತಾರೆ.

ಬ್ಲೀಡಿಂಗ್ ನಿಪ್ಪಲ್ ಸೀಲ್ ಆಗುವುದು ಅದರ ಮೊನೆಯಲ್ಲಿ, ಥ್ರೆಡ್‌ನಲ್ಲಿ ಅಲ್ಲ. ಮೊನೆಯು ಕ್ಯಾಲಿಪರ್‌ನೊಳಗಿನ ಗುಳಿಗೆ ಬಿಗಿಯಾಗಿ ಕೂತಿರುವವರೆಗೆ ಯಾವುದೂ ಒಳಗೆ ಹೊರಗೆ ಓಡಾಡುವುದಿಲ್ಲ. ನೀವು ಕಾಲು ಸುತ್ತು ಸಡಿಲಿಸಿದ ಕೂಡಲೇ ಮೊನೆ ಎದ್ದು, ಆಯಿಲ್ ನಿಪ್ಪಲ್‌ನ ರಂಧ್ರಕ್ಕೆ ಬರುತ್ತದೆ. ಅದೇ ಹೊತ್ತಿಗೆ ಥ್ರೆಡ್‌ಗಳ ನಡುವಿನ ಸಂದು ಹೊರಗಿನ ಗಾಳಿಗೆ ತೆರೆದುಕೊಳ್ಳುತ್ತದೆ. ಪಂಪ್ ಎಳೆಯುವಾಗ ದಪ್ಪನೆಯ ಆಯಿಲನ್ನು ಉದ್ದದ ಪೈಪಿನಿಂದ ಎಳೆಯುವುದಕ್ಕಿಂತ ಪಕ್ಕದ ಸಂದಿನಿಂದ ಗಾಳಿಯನ್ನು ಎಳೆಯುವುದು ಅದಕ್ಕೆ ಸುಲಭ. ಆ ಗಾಳಿ ನೇರವಾಗಿ ಟ್ಯೂಬ್‌ಗೆ ಹೋಗುತ್ತದೆಯೇ ಹೊರತು ಕ್ಯಾಲಿಪರ್‌ನೊಳಗೆ ಹೋಗುವುದಿಲ್ಲ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಸಾಲುಗಟ್ಟಿ, ಎಷ್ಟು ಹೊತ್ತಾದರೂ ಕಡಿಮೆಯಾಗದೆ ಬಂದರೆ ಅವು ಬಹುತೇಕ ಥ್ರೆಡ್‌ನ ಗುಳ್ಳೆಗಳು. ಲೈನಿನೊಳಗಿನ ಗಾಳಿಯಾದರೆ ದೊಡ್ಡದು ಚಿಕ್ಕದು ಬೆರೆತು, ನಡುನಡುವೆ ನಿಂತು, ಸ್ವಲ್ಪ ಆಯಿಲ್ ಹರಿಯುವಷ್ಟರಲ್ಲಿ ಕಡಿಮೆಯಾಗುತ್ತಾ ಬರುತ್ತದೆ.

ಖಚಿತಪಡಿಸಿಕೊಳ್ಳಲು ನಿಪ್ಪಲ್‌ನ ಬುಡಕ್ಕೆ, ಅದು ಕ್ಯಾಲಿಪರ್‌ನೊಳಗೆ ಇಳಿಯುವ ಜಾಗದ ಸುತ್ತ, ಸಿಲಿಕೋನ್ ಗ್ರೀಸ್ ದಪ್ಪಗೆ ಮೆತ್ತಿ ಮತ್ತೆ ಪಂಪ್ ಹಾಕಿ ನೋಡಿ. ಮಾಮೂಲಿ ಚಾಸಿ ಗ್ರೀಸ್ ಮಾತ್ರ ಬೇಡ; ಖನಿಜ ತೈಲದ ಅಂಶ ಬ್ರೇಕಿನ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಕೆಲವರು ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುತ್ತಾರೆ. ಅದು ಕೆಲಸ ಮಾಡುತ್ತದೆ. ಆದರೆ ಮೊನೆಯ ಮೇಲಾಗಲಿ ಪಕ್ಕದ ರಂಧ್ರದ ಮೇಲಾಗಲಿ ಟೇಪ್ ಬರಬಾರದು, ಅದರ ತುಣುಕು ಹರಿದು ಆಯಿಲ್‌ನೊಳಗೆ ಸೇರಲೂಬಾರದು. ಹಾಗಾಗಿ ನಾನು ಗ್ರೀಸ್‌ನ್ನೇ ಸೂಚಿಸುತ್ತೇನೆ.

ಗ್ರೀಸ್ ಹಚ್ಚಿದ ಮೇಲೆ ಗುಳ್ಳೆ ನಿಂತರೆ ಆ ಪಂಪನ್ನು ಪಕ್ಕಕ್ಕಿಟ್ಟು, ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಹಳೆಯ ಪದ್ಧತಿಯಲ್ಲೇ ಬ್ಲೀಡ್ ಮಾಡಿ. ಟ್ಯೂಬ್‌ನ ತುದಿ ಬಾಟಲಿಯಲ್ಲಿರುವ ಶುದ್ಧ ಬ್ರೇಕ್ ಆಯಿಲ್‌ನೊಳಗೆ ಮುಳುಗಿರಲಿ. ನಿಪ್ಪಲ್‌ನಿಂದ ಟ್ಯೂಬ್ ಮೊದಲು ಮೇಲಕ್ಕೆ ಏರಿ ಆಮೇಲೆ ಬಾಟಲಿಗೆ ಇಳಿಯುವಂತಿರಲಿ. ಒಳಗಿನವರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ತೆರೆಯಬೇಕು, ಪೆಡಲ್ ಕೆಳಗಿರುವಾಗಲೇ ಮುಚ್ಚಬೇಕು, ಮುಚ್ಚಿದೆ ಎಂದು ನೀವು ಹೇಳಿದ ಮೇಲೆಯೇ ಅವರು ಕಾಲು ತೆಗೆಯಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ವಾಪಸು ಬಂದರೆ ಅದೇ ಥ್ರೆಡ್ ಸಂದಿನ ಗಾಳಿ ಈ ಸಲ ನಿಜವಾಗಿಯೂ ಕ್ಯಾಲಿಪರ್‌ನೊಳಗೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಇಷ್ಟು ವರ್ಷ ಓಡಿದ ಮಾಸ್ಟರ್ ಸಿಲಿಂಡರ್‌ನಲ್ಲಿ (ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಭಾಗ) ಪಿಸ್ಟನ್ ದಿನವೂ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿದರೆ ಪಿಸ್ಟನ್ನಿನ ರಬ್ಬರ್ ಸೀಲ್ ಆದ ಕಪ್‌ನ ಅಂಚು ಅಲ್ಲಿ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ.

ತುಂಗಾತೀರ

ತಮ್ಮ ವಿವರಣೆಗೆ ಬಹಳ ಧನ್ಯವಾದಗಳು. ಸಿಲಿಕೋನ್ ಗ್ರೀಸ್ ಮೆತ್ತಿದ ಕೂಡಲೇ ಬಲ ಮುಂದಿನ ಚಕ್ರದ ಗುಳ್ಳೆಗಳು ನಿಂತವು. ಆನಂತರ ನನ್ನ ತಮ್ಮನ ನೆರವಿನಿಂದ, ತಾವು ಹೇಳಿದ ಕ್ರಮದಲ್ಲೇ, ನಾಲ್ಕೂ ಚಕ್ರಗಳನ್ನು ಪೆಡಲ್ ಒತ್ತಿ ಬ್ಲೀಡ್ ಮಾಡಿದೆವು. ಮುಂದಿನ ಎರಡರಲ್ಲಿ ಗಾಳಿ ಬರಲಿಲ್ಲ. ಹಿಂದಿನ ಎರಡರಲ್ಲೂ ಮೊದಲು ಗುಳ್ಳೆ ಬಂದು ನಿಂತವು. ಪೆಡಲ್ ಉತ್ತಮಗೊಂಡಿತು. ಆದರೆ ಕಾರನ್ನು ನಿಂತಲ್ಲೇ ಇರಿಸಿ ಕೆಲವು ದಿನ ಪೆಡಲ್ ಒತ್ತಿ ಪರೀಕ್ಷಿಸುತ್ತಾ ಬಂದಂತೆ, ಮೊದಲ ಒತ್ತು ಮತ್ತೆ ಮೆತ್ತಗಾಗಿದೆ. ಈಗಲೂ ಎಲ್ಲಿಯೂ ಸೋರಿಕೆಯಿಲ್ಲ. ಇದು ಗಾಳಿಯೋ, ಬೇರೆ ದೋಷವೋ ತಿಳಿಯುತ್ತಿಲ್ಲ.

ಯಂತ್ರಪಾಠ

ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ವಿಷಯ ಕಲಿಸುವ ನನಗೆ ಈ ಪ್ರಶ್ನೆ ಬಹಳ ಮುಖ್ಯವೆನಿಸಿತು, ಏಕೆಂದರೆ ಆಯಿಲ್ ಸೋರದ ಕಡೆಯಿಂದ ಗಾಳಿ ಬರಲಾರದು ಎಂಬ ನಂಬಿಕೆ ತರಬೇತಿ ಪಡೆದವರಲ್ಲೂ ಇದೆ. ಉತ್ತರ ಸ್ಪಷ್ಟ: ಬರಬಹುದು.

ಗಾಳಿ ಒಳಗೆ ಬರಬೇಕಾದರೆ ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಡಿಮೆಯಾಗಬೇಕು. ಪೆಡಲ್ ಒತ್ತಿದಾಗ ಲೈನಿನಲ್ಲಿ ಹತ್ತಾರು ಪಟ್ಟು ಹೆಚ್ಚಿನ ಒತ್ತಡವಿರುವುದರಿಂದ ಆಗ ಗಾಳಿ ಬರುವ ಪ್ರಶ್ನೆಯೇ ಇಲ್ಲ. ಪೆಡಲಿನಿಂದ ಕಾಲನ್ನು ಥಟ್ಟನೆ ತೆಗೆದಾಗ ಪರಿಸ್ಥಿತಿ ಬೇರೆ. ಸ್ಪ್ರಿಂಗ್ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ವೇಗಕ್ಕೆ ಸರಿಯಾಗಿ ಚಕ್ರದ ಕಡೆಯಿಂದ ಆಯಿಲ್ ವಾಪಸು ಬಾರದಿದ್ದರೆ, ಕ್ಷಣಕಾಲ ಲೈನಿನೊಳಗೆ ಒತ್ತಡ ಕುಸಿಯುತ್ತದೆ. ಮಾಸ್ಟರ್ ಸಿಲಿಂಡರ್‌ನಲ್ಲಿ ಈ ಕೊರತೆಯನ್ನು ತುಂಬಲೆಂದೇ ಕಪ್‌ನ ಅಂಚನ್ನು ದಾಟಿ ರಿಸರ್ವಾಯರ್‌ನ ಆಯಿಲ್ ಮುಂದಕ್ಕೆ ಹರಿಯುವ ವ್ಯವಸ್ಥೆಯಿದೆ. ಆದರೆ ಹಿಂದಿನ ಚಕ್ರದ ವೀಲ್ ಸಿಲಿಂಡರ್‌ನಲ್ಲಿ ರಬ್ಬರ್ ಕಪ್ ಸವೆದು ಅಂಚಿನ ಬಿಗುವು ಕಳೆದುಕೊಂಡಿದ್ದರೆ, ಅದೇ ಕ್ಷಣದಲ್ಲಿ ಹೊರಗಿನ ಗಾಳಿ ಅಂಚಿನ ಪಕ್ಕದಿಂದ ಒಳಗೆ ನುಸುಳುತ್ತದೆ. ಬಟ್ಟಲಿನಾಕಾರದ ಆ ಕಪ್‌ನ ಅಂಚು ಒಳಮುಖವಾಗಿದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅದು ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ, ಒತ್ತಡ ಕಡಿಮೆಯಾದರೆ ಮುದುರಿಕೊಳ್ಳುತ್ತದೆ. ಆದ್ದರಿಂದ ಒತ್ತುವಾಗ ಒಂದು ಹನಿಯನ್ನೂ ಬಿಡದ ಕಪ್ ಬಿಡುವಾಗ ಗಾಳಿಗೆ ದಾರಿ ಕೊಡಬಲ್ಲದು. ಹಿಂದೆ ಡ್ರಮ್ ಬ್ರೇಕ್ ವಾಹನಗಳ ಮಾಸ್ಟರ್ ಸಿಲಿಂಡರ್‌ನಲ್ಲಿ ಲೈನಿನೊಳಗೆ ಸದಾ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತಿದ್ದುದು ಈ ಕಾರಣಕ್ಕೇ. ಆನಂತರ ವೀಲ್ ಸಿಲಿಂಡರ್‌ನೊಳಗಿನ ಸ್ಪ್ರಿಂಗ್‌ನ ತುದಿಗಳಿಗೆ ಲೋಹದ ಬಿಲ್ಲೆ ಸೇರಿಸಿ, ಕಪ್‌ನ ಅಂಚು ಸದಾ ಅರಳಿರುವಂತೆ ಮಾಡುವ ವಿಧಾನ ಬಂತು.

ಈಗ ನೀವು ಬಳಸಿದ ವ್ಯಾಕ್ಯೂಮ್ ಪಂಪನ್ನೂ ಇದರೊಂದಿಗೆ ಸೇರಿಸಿ ಯೋಚಿಸಿ. ಮುಂದಿನ ಚಕ್ರದಲ್ಲಿ ಅದು ಥ್ರೆಡ್‌ನಿಂದ ಗಾಳಿ ಎಳೆದು ಸುಳ್ಳು ಗುಳ್ಳೆ ತೋರಿಸಿತು. ಹಿಂದಿನ ಚಕ್ರದಲ್ಲಿ ಅದೇ ಎಳೆತ ದುರ್ಬಲ ಕಪ್‌ನ ಪಕ್ಕದಿಂದ ನಿಜವಾದ ಗಾಳಿಯನ್ನೇ ಸಿಲಿಂಡರ್‌ನೊಳಗೆ ತಂದಿರಬಹುದು. ಡ್ರಮ್ ಬ್ರೇಕ್ ಇರುವ ಕಡೆ ಬಲವಾದ ವ್ಯಾಕ್ಯೂಮ್ ಹಾಕುವುದು ಸೂಕ್ತವಲ್ಲ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಗಾಳಿಯಿದ್ದರೆ ಎಷ್ಟು ಪೆಡಲ್ ಹೋಗುತ್ತದೆ ಎಂಬ ಲೆಕ್ಕವನ್ನೂ ಹೇಳುತ್ತೇನೆ. ಉದಾಹರಣೆಗೆ ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ 19 ಮಿ.ಮೀ., ಪೆಡಲಿನ ಅನುಪಾತ 4:1 ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 2.8 ಚ.ಸೆಂ.ಮೀ. ಆಗುತ್ತದೆ. ಲೈನಿನಲ್ಲಿ 1 ಮಿ.ಲೀ. ಗಾಳಿ ಸಿಕ್ಕಿಕೊಂಡಿದ್ದರೆ, 10 ಬಾರ್ ಒತ್ತಡ ಬರುವಷ್ಟರಲ್ಲಿ ಅದು ತನ್ನ ಗಾತ್ರದ ಹನ್ನೊಂದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅಂದರೆ ಸುಮಾರು 0.9 ಮಿ.ಲೀ. ಆಯಿಲ್ ಬರೀ ಗಾಳಿಯನ್ನು ಒತ್ತುವುದಕ್ಕೆ ಖರ್ಚಾಯಿತು. ಅದಕ್ಕೆ ಪಿಸ್ಟನ್ 3 ಮಿ.ಮೀ.ಗೂ ಸ್ವಲ್ಪ ಹೆಚ್ಚು, ಪೆಡಲ್ 12 ಮಿ.ಮೀ.ಗೂ ಹೆಚ್ಚು ಚಲಿಸಬೇಕು. ಒಂದು ಸಣ್ಣ ಚಮಚದಲ್ಲಿ ಹಿಡಿಯುವುದಕ್ಕಿಂತ ಕಡಿಮೆ ಗಾಳಿಯೂ ಕಾಲಿಗೆ ಸ್ಪಷ್ಟವಾಗಿ ತಿಳಿಯುವುದು ಹೀಗೆ.

ನಿಮ್ಮ ಕಾರಿನಲ್ಲಿ ಗಾಳಿಯ ಜೊತೆಗೆ ಇನ್ನೊಂದು ದೋಷವೂ ಬೆರೆತಿರಬಹುದು. ಹಿಂದಿನ ಬ್ರೇಕ್ ಶೂಗಳು ಡ್ರಮ್‌ನಿಂದ ದೂರ ನಿಂತಿದ್ದರೆ ಅವು ಡ್ರಮ್ ಮುಟ್ಟಲು ಹೆಚ್ಚು ಆಯಿಲ್ ಬೇಕಾಗಿ ಪೆಡಲ್ ಕೆಳಗಿಳಿಯುತ್ತದೆ, ಎರಡನೇ ಒತ್ತಿಗೆ ಮೇಲೆ ಬರುತ್ತದೆ. ಗಾಳಿಯ ಲಕ್ಷಣವೂ ಹೀಗೆಯೇ ಇರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು. ಮೊದಲು ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದಿಟ್ಟು ಪೆಡಲ್ ಒತ್ತಿ. ಆಗ ಪೆಡಲ್ ಗಮನಾರ್ಹವಾಗಿ ಮೇಲೆ ನಿಂತರೆ ಹಿಂದಿನ ಶೂಗಳ ಹೊಂದಾಣಿಕೆ ಸಡಿಲವಾಗಿದೆ ಎಂದರ್ಥ. ಎರಡನೆಯದಾಗಿ, ರಿಸರ್ವಾಯರ್‌ನ ಮುಚ್ಚಳ ತೆಗೆದು, ಒಬ್ಬರು ಪೆಡಲನ್ನು ವೇಗವಾಗಿ ಹಲವು ಸಲ ಒತ್ತಿ, ಕೊನೆಯಲ್ಲಿ ಒತ್ತಿಹಿಡಿದು, ಥಟ್ಟನೆ ಬಿಡಲಿ. ಕುಗ್ಗಿದ್ದ ಗಾಳಿ ಹಿಗ್ಗಿ ಆಯಿಲನ್ನು ಹಿಂದಕ್ಕೆ ದೂಡುವುದರಿಂದ ರಿಸರ್ವಾಯರ್‌ನಲ್ಲಿ ಚಿಲುಮೆಯಂತೆ ಆಯಿಲ್ ಚಿಮ್ಮಿದರೆ ಒಳಗೆ ಗಾಳಿ ಇದೆ. ಕೇವಲ ಅಲೆ ಎದ್ದರೆ ಅದು ಸಹಜ. ಮುಖವನ್ನು ದೂರವಿಟ್ಟು, ಕನ್ನಡಕ ಧರಿಸಿ ನೋಡಿ. ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ನೆಲದ ಕಡೆಗೆ ಜಾರುತ್ತಾ ಹೋದರೆ ಅದು ಮೂರನೆಯ ಬಗೆ. ಮಾಸ್ಟರ್ ಸಿಲಿಂಡರ್‌ನೊಳಗೇ ಕಪ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ ಎಂದು ತಿಳಿಯಬೇಕು.

ಕರಾವಳಿ ಚಾಲಕ

ಮೇಲಿನವರು ಮುಖ್ಯ ವಿಷಯ ಹೇಳಿದ್ದಾರೆ. ನಾನು ಎರಡು ಸಂಗತಿ ಸೇರಿಸುತ್ತೇನೆ.

ಕ್ಯಾಲಿಪರ್‌ಗಳನ್ನು ಬಿಚ್ಚಿ ಜೋಡಿಸಿದ ಯಾರೇ ಆದರೂ ಮೊದಲು ನೋಡಬೇಕಾದದ್ದು ನಿಪ್ಪಲ್ ಮೇಲ್ಭಾಗದಲ್ಲಿದೆಯೇ ಎಂಬುದನ್ನು. ಎಡಗಡೆಯದು ಬಲಕ್ಕೂ ಬಲಗಡೆಯದು ಎಡಕ್ಕೂ ಕೂರುವ ಕಾರುಗಳಲ್ಲಿ ಅವು ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಗ ಗಾಳಿ ಮೇಲೆ ಉಳಿದು, ಲೀಟರ್‌ಗಟ್ಟಲೆ ಆಯಿಲ್ ಹರಿಸಿದರೂ ಹೊರಬರುವುದಿಲ್ಲ. ಹಾಗೆಯೇ ಬ್ಯಾಂಜೋ ಬೋಲ್ಟಿನ ಎರಡು ಬದಿಯ ತಾಮ್ರದ ವಾಷರ್‌ಗಳು ಒಮ್ಮೆ ಒತ್ತಿ ಕೂತ ಮೇಲೆ ಗಟ್ಟಿಯಾಗುತ್ತವೆ. ಬಿಚ್ಚಿದಾಗಲೆಲ್ಲ ಹೊಸತು ಹಾಕುವುದೇ ಸರಿ.

ಎರಡನೆಯದು, ಬಿಡಿಭಾಗಗಳನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ. ನಮ್ಮ ಕಡೆ ಇದು ಎಷ್ಟು ಸಾಮಾನ್ಯವೆಂದರೆ ಬೇಡವೆಂದು ಹೇಳಿದರೆ ಜನ ಆಶ್ಚರ್ಯಪಡುತ್ತಾರೆ. ಬ್ರೇಕಿನ ರಬ್ಬರ್ ಗ್ಲೈಕಾಲ್ ಆಧಾರಿತ ಆಯಿಲ್‌ಗೆ ಹೊಂದುವಂಥದ್ದು. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಯಾವುದು ತಾಗಿದರೂ ಉಬ್ಬಿ ಆಕಾರ ಕೆಡುತ್ತದೆ. ಹೊಸ ಕಿಟ್ ಕೆಲವೇ ವಾರಗಳಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಶುದ್ಧ ಬ್ರೇಕ್ ಆಯಿಲ್‌ನಿಂದಲೇ ತೊಳೆಯಿರಿ, ಇಲ್ಲವೇ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ ಪೂರ್ತಿ ಒಣಗಿಸಿ.

ಇದನ್ನು ಓದುವ ಹೊಸ ಕಾರಿನವರಿಗೆ ಒಂದು ಮಾತು: ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದರ ಘಟಕದೊಳಗೆ ಗಾಳಿ ಸೇರಿದ್ದರೆ ಪೆಡಲ್ ಒತ್ತಿ ಮಾತ್ರ ತೆಗೆಯಲು ಆಗದಿರಬಹುದು, ಒಳಗಿನ ವಾಲ್ವ್‌ಗಳನ್ನು ಸ್ಕ್ಯಾನರ್‌ನಿಂದ ಚಾಲೂ ಮಾಡಿಸಬೇಕಾಗುತ್ತದೆ. ತುಂಗಾತೀರ ಅವರ ಕಾರಿಗೆ ಇದು ಅನ್ವಯಿಸುವುದಿಲ್ಲ.

ತುಂಗಾತೀರ

ಎಲ್ಲರ ಸಲಹೆಯಂತೆ ಪರೀಕ್ಷಿಸಿದೆ. ಎರಡೂ ಕ್ಯಾಲಿಪರ್‌ಗಳ ನಿಪ್ಪಲ್ ಮೇಲೆಯೇ ಇವೆ. ಹ್ಯಾಂಡ್ ಬ್ರೇಕ್ ಎಳೆದಾಗ ಪೆಡಲ್ ಸ್ವಲ್ಪ ಮೇಲೆ ಬಂದರೂ ಮೆತ್ತಗಿನ ಗುಣ ಹೋಗಲಿಲ್ಲ. ರಿಸರ್ವಾಯರ್ ಪರೀಕ್ಷೆಯಲ್ಲಿ ಆಯಿಲ್ ಸ್ಪಷ್ಟವಾಗಿ ಚಿಮ್ಮಿತು. ಆಮೇಲೆ ಒಂದೊಂದೇ ಚಕ್ರದ ನಿಪ್ಪಲ್ ತೆರೆದು ನೋಡಿದಾಗ ಎಡ ಹಿಂದಿನ ಚಕ್ರದಲ್ಲಿ ಮಾತ್ರ ಗಾಳಿ ಬಂತು. ಆ ವೀಲ್ ಸಿಲಿಂಡರ್‌ನ ರಬ್ಬರ್ ಬೂಟಿನ ಅಂಚನ್ನು ಎತ್ತಿದರೆ ಒಳಗೆ ತೇವವಿದೆ. ಹನಿ ಬೀಳುವಷ್ಟಿಲ್ಲ, ಬೆರಳಿಗೆ ಕಪ್ಪಗೆ ಅಂಟುತ್ತದೆ. ಕಪ್ ಮಾತ್ರ ಬದಲಿಸಿದರೆ ಸಾಕೇ, ಸಿಲಿಂಡರ್ ಪೂರ್ತಿ ಬದಲಿಸಬೇಕೇ?

ಹಾಸನದ ಮೆಕ್ಯಾನಿಕ್

ಗಾಳಿ ಒಂದೇ ಚಕ್ರದಲ್ಲಿ ಮತ್ತೆ ಕಾಣಿಸಿಕೊಂಡಿತೆಂದರೆ ಅದು ಬಂದದ್ದೂ ಅಲ್ಲಿಂದಲೇ. ಬೂಟಿನೊಳಗಿನ ತೇವವೂ ಅದಕ್ಕೆ ಸಾಕ್ಷಿ. ನನ್ನ ಸಲಹೆ ಸಿಲಿಂಡರ್ ಪೂರ್ತಿ ಬದಲಿಸುವುದು, ಅದೂ ಎರಡೂ ಕಡೆಯದು. ಮಲೆನಾಡಿನ ತೇವಕ್ಕೆ ಹಳೆಯ ಆಯಿಲ್ ನೀರು ಹೀರಿಕೊಂಡು ಸಿಲಿಂಡರ್‌ನ ಒಳಗೋಡೆಯಲ್ಲಿ ಸಣ್ಣ ಕುಳಿಗಳು ಬಿದ್ದಿರುತ್ತವೆ. ಆ ಕುಳಿಗಳ ಮೇಲೆ ಹೊಸ ಕಪ್ ಓಡಾಡಿದರೆ ಅದರ ಅಂಚೂ ಬೇಗ ಸವೆಯುತ್ತದೆ. ಗೋಡೆ ಕನ್ನಡಿಯಂತೆ ನಯವಾಗಿದ್ದರೆ ಮಾತ್ರ ಕಿಟ್ ಹಾಕುವುದನ್ನು ಒಪ್ಪಬಹುದು.

ಪೈಪಿನ ನಟ್ ಬಿಚ್ಚಲು ಓಪನ್ ಸ್ಪ್ಯಾನರ್ ಬೇಡ, ಮೂಲೆಗಳು ಉರುಟಾಗುತ್ತವೆ. ಪೈಪ್ ದಾಟುವಷ್ಟು ಸೀಳಿರುವ ರಿಂಗ್ ಸ್ಪ್ಯಾನರ್ ಸಿಗುತ್ತದೆ, ಅದನ್ನೇ ಬಳಸಿ. ಆಯಿಲ್ ತಾಗಿದ ಲೈನರ್ ಇದ್ದರೆ ತೊಳೆದು ಬಳಸಬೇಡಿ, ಶೂ ಜೋಡಿಯನ್ನೇ ಬದಲಿಸಿ. ಡ್ರಮ್ ಕೂರಿಸಿ, ಶೂಗಳನ್ನು ಸರಿಯಾದ ಅಂತರಕ್ಕೆ ಹೊಂದಿಸಿದ ಮೇಲೆಯೇ ಬ್ಲೀಡ್ ಮಾಡಿ; ಆಗ ಕಡಿಮೆ ಆಯಿಲ್ ಓಡಾಡುತ್ತದೆ, ಗಾಳಿಯೂ ಬೇಗ ಹೊರಬರುತ್ತದೆ. ಯಾವ ಚಕ್ರದಿಂದ ಶುರು ಮಾಡಬೇಕೆಂಬುದು ಕಾರಿನಿಂದ ಕಾರಿಗೆ ಬದಲಾಗುವುದರಿಂದ ಮ್ಯಾನುಯಲ್ ನೋಡಿಕೊಳ್ಳಿ. ರಿಸರ್ವಾಯರ್ ಖಾಲಿಯಾಗಲು ಬಿಡಬೇಡಿ. ಡಬ್ಬಿಯನ್ನು ಕುಲುಕಬೇಡಿ, ಆಯಿಲನ್ನು ಎತ್ತರದಿಂದ ಸುರಿಯಲೂ ಬೇಡಿ, ನೊರೆಯ ಸಣ್ಣ ಗುಳ್ಳೆಗಳು ಗಂಟೆಗಟ್ಟಲೆ ಉಳಿಯುತ್ತವೆ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿಹಿಡಿದು, ಇನ್ನೊಬ್ಬರಿಂದ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿಸಿ. ಬೂಸ್ಟರ್ (ಕಾಲಿನ ಒತ್ತಿಗೆ ನೆರವಾಗುವ ಘಟಕ) ಇರುವ ಕಾರಿನಲ್ಲಿ ಎಂಜಿನ್ ಚಾಲೂ ಆದಾಗ ಪೆಡಲ್ ತುಸು ಇಳಿದು ನಿಲ್ಲುವುದು ಸಹಜ. ನಿಲ್ಲದೆ ಇಳಿಯುತ್ತಲೇ ಹೋಗುವುದು ಸಹಜವಲ್ಲ. ಮೊದಲು ಖಾಲಿ ಮೈದಾನದಲ್ಲಿ, ಆಮೇಲೆ ಸಮತಟ್ಟಾದ ರಸ್ತೆಯಲ್ಲಿ ಕೆಲವು ದಿನ ಓಡಿಸಿ, ಮತ್ತೊಮ್ಮೆ ರಿಸರ್ವಾಯರ್ ಪರೀಕ್ಷೆ ಮಾಡಿ, ಅದಾದ ಮೇಲೆ ಘಾಟಿಯ ಯೋಚನೆ ಮಾಡಿ. ಸ್ವಲ್ಪ ಅನುಮಾನ ಉಳಿದರೂ ಅನುಭವವಿರುವ ಮೆಕ್ಯಾನಿಕ್‌ಗೆ ತೋರಿಸಿ.

ತುಂಗಾತೀರ

ಎರಡೂ ವೀಲ್ ಸಿಲಿಂಡರ್ ಬದಲಿಸಿ, ಶೂ ಹೊಂದಿಸಿ, ಬ್ಲೀಡ್ ಮಾಡಿದ್ದೇನೆ. ಹಳೆಯ ಎಡ ಸಿಲಿಂಡರ್‌ನ ಗೋಡೆಯಲ್ಲಿ ತಾವು ಹೇಳಿದಂತೆಯೇ ಕುಳಿಗಳಿದ್ದವು. ಪೆಡಲ್ ಈಗ ಮೊದಲ ಒತ್ತಿಗೇ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಊರೊಳಗೆ ಓಡಿಸಿದ ಮೇಲೂ ಆಯಿಲ್ ಚಿಮ್ಮುತ್ತಿಲ್ಲ. ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೊನೆಯದಾಗಿ ಒಂದು ಪ್ರಶ್ನೆ: ಬಾಟಲಿಯಲ್ಲಿ ಸಂಗ್ರಹವಾದ ಆಯಿಲ್ ಹೊಸದೇ ಆಗಿದ್ದು ತಿಳಿಯಾಗಿ ಕಾಣುತ್ತದೆ. ಅದನ್ನು ಸೋಸಿ ಬಳಸಬಹುದೇ? ಅರ್ಧ ಉಳಿದ ಡಬ್ಬಿಯನ್ನು ಇಟ್ಟುಕೊಳ್ಳಬಹುದೇ?

ಯಂತ್ರಪಾಠ

ಎರಡೂ ಬೇಡ. ಸೋಸುವುದರಿಂದ ಕಸ ಹೋಗುತ್ತದೆ, ಹೀರಿದ ನೀರು ಹೋಗುವುದಿಲ್ಲ. ಡಾಟ್ 3 ಆಯಿಲ್‌ನ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಗದಿತ ಪ್ರಮಾಣದಲ್ಲಿ ನೀರು ಸೇರಿದ ಸ್ಥಿತಿಗೆ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಘಾಟಿ ಇಳಿಯುವಾಗ ಬ್ರೇಕ್ ಕಾದು ನೀರು ಕೂಡಿದ ಆಯಿಲ್ ಕುದಿದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ಪೂರ್ತಿ ಕೆಳಗಿಳಿಯುತ್ತದೆ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮೇಲೆ ಬರುತ್ತದೆ. ಅದನ್ನು ಯಾವ ಬ್ಲೀಡಿಂಗ್‌ನಿಂದಲೂ ಹುಡುಕಿ ತೆಗೆಯಲಾಗದು, ಆಯಿಲನ್ನೇ ಬದಲಿಸಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಬೇಗ ನೀರು ಹೀರುವುದರಿಂದ ಮುಂದಿನ ಬಾರಿ ಸಣ್ಣ ಡಬ್ಬಿಗಳನ್ನೇ ಕೊಳ್ಳಿ. ಹಳೆಯದನ್ನು ಮೋರಿಗೆ ಸುರಿಯದೆ, ಬೇರೆ ಎಣ್ಣೆಯೊಂದಿಗೆ ಬೆರೆಸದೆ, ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.